ಷೆರಟನ್ ರೀತಿಯ ಪೀಠೋಪಕರಣಗಳು

ಆಂಗ್ಲದೇಶದ ಪ್ರಾಚೀನ ಪೀಠೋಪಕರಣಗಳಲ್ಲಿ ಲಾಘವಕ್ಕೂ ಸೌಷ್ಠವಕ್ಕೂ ಪ್ರಸಿದ್ಧವಾದುದು ಹದಿನೆಂಟನೆಯ ಶತಮಾನದ ಕೊನೆಯ ಭಾಗದ ‘ಷೆರಟನ್ ರೀತಿ’. ವಸ್ತುಸಂಗ್ರಹಾಲಯಗಳಲ್ಲಿಯೂ ಹರಾಜಿನ ಪಟ್ಟಿಗಳಲ್ಲಿಯೂ ಈ ಹೆಸರು ಪದೇಪದೇ ಕಾಣಬರುವುದು. ಇದನ್ನು ಕೇಳಿದವರು ಷೆರಟನ್ ಎಂಬ ಬಡಗಿಯು ತನ್ನ ಕರ್ಮಶಾಲೆಯಲ್ಲಿ ಈ ವಸ್ತುಗಳನ್ನು ನಿರ್ಮಿಸಿದನೆಂದು ಭಾವಿಸುವುದು ಸಹಜವೇ. ಆದರೆ ಅವನ ಕೈಯಿಂದಲೇ ಆದುದೆಂದು ನಿಸ್ಸಂದೇಹವಾಗಿ ಹೇಳಬಹುದಾದ ಒಂದು ಕುರ್ಚಿಯಾಗಲಿ ಮೇಜಾಗಲಿ ಇದುವರೆಗೆ ದೊರೆತಿಲ್ಲ. ಕೃತಿಯೇ ಸಿಕ್ಕದಿರಲು ಕರ್ತೃವಿನ ಹೆಸರು ಒಂದು ರೀತಿಗೆ ನಿಂತುದು ಹೇಗೆ, ಆ ಹೆಸರಿನಿಂದ ಎಷ್ಟನ್ನು ಗ್ರಹಿಸಬಹುದು ಎಂಬುದು ವಿಚಾರಣೀಯವಾಗಿದೆ.

ಈ ರೀತಿಯ ಮೂಲವು ಇಟಲಿಯಲ್ಲಿದೆ. ಅಗ್ನಿಪರ್ವತದ ಕೆಳಗೆ ಹೂತುಹೋಗಿದ್ದ ಹರ್ಕ್ಯುಲೇನಿಯಂ ಪಟ್ಟಣದ ಉತ್ಖನನವು ೧೭೩೮ರಲ್ಲಿಯೂ ಪಾಂಪೇ ಪಟ್ಟಣದ ಉತ್ಖನನವು ೧೭೪೮ರಲ್ಲಿಯೂ ಮೊದಲಾದುವು. ಪ್ರಾಚೀನ ರೋಮಕರ ಗೃಹಾಲಂಕಾರಗಳು ಇದರಿಂದ ಬೆಳಕಿಗೆ ಬಂದು ಯೂರೋಪಿನ ಅಭಿರುಚಿಯನ್ನೇ ತಿರುಗಿಸಿದುವು. ಸ್ಕಾಟ್‌ಲೆಂಡಿನ ವಾಸ್ತುಶಿಲ್ಪಿಯಾದ ರಾಬರ್ಟ್ ಆಡಂ (೧೭೨೮–೧೭೯೨) ಎಂಬಾತನು ೧೭೫೪ರಲ್ಲಿ ಇಟಲಿಗೆ ಹೊರಟು, ಅಲ್ಲಿಯ ಅವಶೇಷಗಳನ್ನು ಅಭ್ಯಾಸಮಾಡಿ, ೧೭೫೮ರಲ್ಲಿ ಹಿಂದಿರುಗಿದನು. ಕಲಶ, ಪುಷ್ಪಮಾಲೆ, ಗೀರುಗಂಬ ಮೊದಲಾದ ರೋಮಕ ಅಲಂಕಾರಗಳು ಅವನ ಮೂಲಕ ಆಂಗ್ಲ ಸಿರಿವಂತರ ಮಂದಿರಗಳನ್ನು ಹೊಕ್ಕುವು. ಅವನು ಪ್ರಯಾಣಹೊರಟ ೧೭೫೪ರಲ್ಲಿಯೇ ಪ್ರಕಟವಾದ ಥಾಮಸ್ ಚಿಪ್ಪೆಂಡೇಲನ ಮಾದರಿಗ್ರಂಥದಲ್ಲಾದರೋ ಬಾಗುಬಳಕುಗಳಿಗೂ ಒತ್ತಾದ ಕೆತ್ತನೆಗೂ ಪ್ರಾಧಾನ್ಯವಿತ್ತು. ಅರಮನೆಗಳಲ್ಲಿ ಆಡಂ ಪ್ರವರ್ತಿಸಿದ ಹೊಸ ಅಭಿರುಚಿಯನ್ನು ಸಾಮಾನ್ಯ ಗೃಹಸ್ಥರ ಮನೆಗಳವರೆಗೆ ಮುಟ್ಟಿಸಿದುವುಗಳಲ್ಲಿ ಹೆಪ್ಪಲ್‌ವೈಟ್ ಮತ್ತು ಷೆರಟನ್ ಇವರ ಗ್ರಂಥಗಳು ಮುಖ್ಯವಾದುವು.

ಷೆರಟನ್ ರೀತಿಯ ಲಕ್ಷಣಗಳನ್ನು ಆಕಾರ, ಮೇಲ್ಮೈ, ಯುಕ್ತಿ ಎಂದು ಮೂರಾಗಿ ವಿಂಗಡಿಸಬಹುದು. ಆಕಾರದಲ್ಲಿ ಸರಳರೇಖೆಯೇ ಪ್ರಧಾನ. ಕುರ್ಚಿಯ ಬೆನ್ನು ಆಯತಾಕಾರವಾಗಿಯೂ ಕಾಲುಗಳು ನೇರವಾಗಿ, ಕೆಳಕೆಳಗೆ ಸಣ್ಣಗಾಗುತ್ತಲೂ ಇರುವುವು. ಇದು ಕೇವಲ ಶೋಭೆಗಾಗಿ ಮಾಡಿದುದಲ್ಲ. ನೇರವಾದ ಕಾಲಿನಲ್ಲಿ ಮರದ ಎಳೆಗಳು ಮೇಲಿನಿಂದ ಕೆಳಗಿನವರೆಗೆ ಕಡಿಯದೆ ಸಾಗುವುದರಿಂದ ಅದು ತೆಳುವಾಗಿದ್ದರೂ ಭಾರವನ್ನು ತಾಳುತ್ತದೆ. ಬಾಗಿದ ಕಾಲಿನಲ್ಲಿ ಎಳೆಗಳು ಅಡ್ಡಲಾಗಿ ಕಡಿದುಹೋಗುವುದರಿಂದ ಅದು ದಪ್ಪವಾಗಿರಲೇಬೇಕು. ಮೇಲ್ಮೈಯಲ್ಲಿ ಕೆತ್ತನೆಯು ಮಿತವಾಗಿ, ಅದರ ಸ್ಥಾನವನ್ನು ವರ್ಣವು ಆಕ್ರಮಿಸುತ್ತದೆ. ಸಾಧಾರಣ ಮರದ ಒಡಲಿಗೆ ಬೆಲೆಯುಳ್ಳ ಮರದ ತೆಳುಹಲಗೆಯನ್ನು ಅಂಟಿಸಿ, ಅಂಚಿನಲ್ಲಿ ಬೇರೆ ಬಣ್ಣದ ಮರದ ಪಟ್ಟಿಯನ್ನೂ ನೂಲಿನಷ್ಟು ಸಣ್ಣದಾದ ಗೆರೆಗಳನ್ನೂ ಹುದುಗಿಸುತ್ತಿದ್ದರು. ಮಹಾಗನಿಯ ಜೊತೆಗೆ, ಹೊಂಬಣ್ಣದ ಸ್ಯಾಟಿನ್‌ವುಡ್ ಈ ಕೆಲಸಕ್ಕೆ ಬಹು ಪ್ರಿಯವಾಗಿತ್ತು. ಇದು ಮೊದಲು ವೆಸ್ಟ್ ಇಂಡೀಸ್ ದ್ವೀಪಗಳಿಂದ ಬರುತ್ತಿದ್ದು, ತರುವಾಯ ದಕ್ಷಿಣಭಾರತ ಸಿಂಹಳಗಳ ಜಾತಿಯೂ ಬಳಕೆಗೆ ಬಂದಿತು. ಈ ಎರಡನೆಯದು ಕನ್ನಡನಾಡಿನ ಒಣಕಾಡುಗಳಲ್ಲಿ ಬೆಳೆಯುವ ಹುರಗಲು ಮರವೇ. ಇನ್ನು ಯುಕ್ತಿಗೆ ನಿದರ್ಶನವಾಗಿ ಷೆರಟನ್ನನ ಗ್ರಂಥದಲ್ಲಿರುವ ‘ಹಾರ್ಲಿಕ್ವಿನ್’ ಮೇಜನ್ನು ಹೇಳಬಹುದು. ಇದರಲ್ಲಿ ಸಣ್ಣ ಅರೆಗಳುಳ್ಳ ಪೆಟ್ಟಿಗೆಯೊಂದು ಒಳಗಿನ ಯಂತ್ರದಿಂದ ಮೇಲಕ್ಕೆದ್ದು, ಬೇಡವಾದಾಗ ಮೇಜಿನೊಳಕ್ಕೆ ಇಳಿಯುತ್ತದೆ.

ಥಾಮಸ್ ಷೆರಟನ್ನನು ೧೭೫೧ರಲ್ಲಿ ಸ್ಟಾಕ್‌ಟನ್ ಎಂಬ ಊರಿನಲ್ಲಿ ಹುಟ್ಟಿದನು. ಪಾಠಶಾಲೆಯ ಉನ್ನತವಿದ್ಯೆ ಇಲ್ಲದೆ, ಮರಗೆಲಸವನ್ನು ಕಲಿತು, ಮತಬೋಧೆಯನ್ನೂ ಮಾಡುತ್ತಿದ್ದ ಈತನು ೧೭೯೦ರ ಸುಮಾರಿಗೆ ಲಂಡನ್ನಿನಲ್ಲಿ ನೆಲಸಿದನು. ಅಲ್ಲಿ ಅವನ ಜೀವನೋಪಾಯವು ಚಿತ್ರಲೇಖನದ ಪಾಠ, ಇತರ ಕಸಬುದಾರರಿಗೆ ನಕ್ಷೆಗಳ ರಚನೆ, ಗ್ರಂಥವಿಕ್ರಯ ಇವೇ ಆಗಿದ್ದುವು. ೧೭೯೧ರಿಂದ ಭಾಗಭಾಗವಾಗಿ ಹೊರಬಂದ ಅವನ ‘ಡ್ರಾಯಿಂಗ್ ಬುಕ್’ ಎಂಬ ಗ್ರಂಥವು ರೇಖಾಗಣಿತದಿಂದ ಆರಂಭವಾಗಿ, ದೂರಸಾಮೀಪ್ಯಗಳನ್ನು ಚಿತ್ರಿಸುವ ಕ್ರಮವನ್ನು ತಿಳಿಸಿ, ಆಮೇಲೆ ಮಾದರಿಗಳನ್ನು ಕೊಡುತ್ತದೆ. ಇದಕ್ಕೆ ಸುಮಾರು ೭೦೦ ಮಂದಿ ಚಂದಾದಾರರಿದ್ದು, ಅವರಲ್ಲಿ ಬಹುಮಂದಿ ಕಸಬುದಾರರೇ. ೧೮೦೩ರಲ್ಲಿ ಅವನು ಮರಗೆಲಸದ ನಿಘಂಟನ್ನು ಪ್ರಕಟಿಸಿ, ಮುಂದೆ ಒಂದು ವಿಶ್ವಕೋಶವನ್ನು ಆರಂಭಿಸಿ, ಅದು ಮುಗಿಯುವ ಮೊದಲೇ ೧೮೦೬ರಲ್ಲಿ ತೀರಿಕೊಂಡನು. ಅವನ ಬಳಿ ಕೆಲವು ದಿನ ಕೆಲಸಮಾಡಿದ, ಮುಂದೆ ಪ್ರಸಿದ್ಧ ಪ್ರಕಾಶಕನಾದ ಆಡಂ ಬ್ಲ್ಯಾಕ್ ಎಂಬಾತನು ಆ ವಿದ್ವಾಂಸನ ದಾರಿದ್ರ್ಯವನ್ನು ಕಂಡು ಮರುಗಿ ಬರೆದಿಟ್ಟಿದ್ದಾನೆ. ಹೀಗೆ ಷೆರಟನ್ನನು ಲಕ್ಷಣಕಾರನೇ ಹೊರತು, ಲಕ್ಷ್ಯವನ್ನು ನಿರ್ಮಿಸಿದವನೆಂದು ಸಾಧಿಸಲು ಪ್ರಮಾಣವಿಲ್ಲ.

ಹೆಪ್ಪಲ್‌ವೈಟನ ವಿಷಯವೂ ಇದಕ್ಕೆ ಸಮೀಪವಾಗಿದೆ. ಅವನು ೧೭೮೬ರಲ್ಲಿ ಮೃತನಾಗಲು, ಅವನ ಹೆಸರಿನ ಮಾದರಿಗ್ರಂಥವು ಅವನ ಪತ್ನಿಯ ಮೂಲಕ ೧೭೮೮ರಲ್ಲಿ ಹೊರಬಂದಿತು. ಗುರಾಣಿಯಾಕಾರದ ಬೆನ್ನಿದ್ದರೆ ಹೆಪ್ಪಲ್‌ವೈಟ್, ಆಯತಾಕಾರದ ಬೆನ್ನಿದ್ದರೆ ಷೆರಟನ್ ಎಂದು ಸಾಮಾನ್ಯವಾಗಿ ಹೇಳುವುದುಂಟು. ಈ ಲಕ್ಷಣವು ಅತಿವ್ಯಾಪ್ತಿದೋಷಕ್ಕೆ ಗುರಿಯಾಗಿದೆ. ಏಕೆಂದರೆ ಹೆಪ್ಪಲ್‌ವೈಟನ ಗ್ರಂಥದ ೧೭೯೪ರ ಆವೃತ್ತಿಯಲ್ಲಿ ಆಯತಾಕಾರದ ಬೆನ್ನುಳ್ಳ ಕುರ್ಚಿಗಳೂ ಇವೆ. ಮೇಲಾಗಿ ೧೭೮೮ರಲ್ಲಿಯೇ ಲಂಡನ್ನಿನ ಮರಗೆಲಸದವರ ಕೂಲಿದರಗಳ ಪುಸ್ತಕವೂ ಅಚ್ಚಾಯಿತು. ಯಾವ ಕೆಲಸಕ್ಕೆ ಎಷ್ಟು ಕೂಲಿಯೆಂದು ಅದರಲ್ಲಿ ಬಿಡಿಬಿಡಿಯಾಗಿ ನಿಗದಿಯಾಗಿರುವುದನ್ನು ನೋಡಿದರೆ, ಈ ರೀತಿಯು ಒಬ್ಬನ ಪ್ರತಿಭೆಯಿಂದ ಉದಿಸಿದುದಲ್ಲವೆಂದೂ ಇಡೀ ಕಸಬಿನವರ ಸಾಮಾನ್ಯಧನವಾಗಿತ್ತೆಂದೂ ಸ್ಪಷ್ಟವಾಗುತ್ತದೆ.

ಹಾಗಾದರೆ ಕರ್ತೃನಿರ್ಣಯಕ್ಕೆ ಪ್ರಮಾಣ ಯಾವುದು? ಲೆಕ್ಕಪತ್ರ, ಮುದ್ರೆ, ವಸ್ತು ಇವುಗಳ ಸಂವಾದವೇ. ಹೇರ್‌ವುಡ್ ಮತ್ತು ನಾಸ್ಟೆಲ್ ಮಂದಿರಗಳಿಗೆ ಚಿಪ್ಪೆಂಡೇಲನು ಒದಗಿಸಿದ ವಸ್ತುಗಳ ಲೆಕ್ಕಗಳು ಉಳಿದಿರುವುದರಿಂದ ಅಲ್ಲಿ ಅವನ ಕೃತಿಗಳನ್ನು ಗುರುತಿಸಲು ಸಾಧ್ಯವಾಗಿದೆ. ಲಂಕಾಸ್ಟರಿನ ಗಿಲ್ಲೋ ಮನೆತನದವರು ತಮ್ಮ ಕೆಲವು ವಸ್ತುಗಳಿಗೆ ಹೆಸರಿನ ಮುದ್ರೆಯನ್ನೊತ್ತಿದುದಲ್ಲದೆ, ಅವರ ನಕ್ಷೆಗಳೂ ವೆಚ್ಚದ ಅಂದಾಜುಗಳೂ ಈಗಲೂ ಇವೆ. ಷೆರಟನ್ನನಿಗೆ ಇಂತಹ ಸಾಮಗ್ರಿ ಯಾವುದೂ ಇಲ್ಲ.

ಈ ವಿವೇಚನೆಯು ನಿಷ್ಪ್ರಯೋಜಕವಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಪ್ರಾಚೀನ ಅಭಿರುಚಿಯು ಪುನರುಜ್ಜೀವಿತವಾಯಿತು. ರೈಟ್ ಮತ್ತು ಮ್ಯಾನ್ಸ್‌ಫೀಲ್ಡ್ ಎಂಬ ಲಂಡನ್ನಿನ ಸಂಸ್ಥೆಯವರು ೧೮೬೭ರ ಪ್ಯಾರಿಸ್ ಪ್ರದರ್ಶನದಲ್ಲಿಟ್ಟ ಸ್ಯಾಟಿನ್‌ವುಡ್ ಬೀರು ಇದಕ್ಕೆ ಪ್ರಸಿದ್ಧ ನಿದರ್ಶನ. ಆಮೇಲೆ ಹಳೆಯ ಮಾದರಿಗಳನ್ನು ಅನುಸರಿಸಿದ ಕುರ್ಚಿ ಮೇಜುಗಳು ಹೇರಳವಾಗಿ ತಯಾರಾದುವು. ಇವುಗಳ ಆಕಾರವು ಗ್ರಂಥಕ್ಕೆ ಒಪ್ಪುವುದರಿಂದ ಆಕಾರವೊಂದರಿಂದಲೇ ಕಾಲನಿರ್ಣಯವಾಗದು. ತೆಳುಹಲಗೆಯ ದಪ್ಪ, ಗರಗಸದ ಗುರುತು, ಅರೆಗಳ ಸಂಧಿ, ಬಳಕೆಯಿಂದಾದ ಸವೆತ ಇವೆಲ್ಲವನ್ನೂ ಪರೀಕ್ಷಿಸಬೇಕು. ಗ್ರಂಥವು ರೀತಿಯನ್ನು ಹೇಳೀತು, ಕೈಯನ್ನು ಹೇಳದು.

ಆದುದರಿಂದ ‘ಷೆರಟನ್’ ಎಂಬುದನ್ನು ಒಂದು ರೀತಿಯ ರೂಢನಾಮವೆಂದೇ ಗ್ರಹಿಸತಕ್ಕುದು. ‘ಷೆರಟನ್ ರೀತಿಯ ಕುರ್ಚಿ’ ಎಂಬ ಮಾತು ಸಾಧು. ‘ಷೆರಟನ್ ಮಾಡಿದ ಕುರ್ಚಿ’ ಎಂಬುದಕ್ಕೆ ಆಧಾರ ಬೇಕು. ಬಡವನಾಗಿ ಸತ್ತ ಗ್ರಂಥಕಾರನಿಗೆ ಆ ಹೆಸರಿನ ಲಾಭವು ದೊರೆಯಲಿಲ್ಲ. ಗರಗಸ ಉಳಿಗಳನ್ನು ಹಿಡಿದು ಆ ವಸ್ತುಗಳನ್ನು ನಿರ್ಮಿಸಿದ ಅಸಂಖ್ಯಾತ ಕುಶಲಿಗಳಿಗೆ ಹೆಸರೇ ದೊರೆಯಲಿಲ್ಲ. ಇಬ್ಬರಿಗೂ ಸಲ್ಲತಕ್ಕುದನ್ನು ಬೇರ್ಪಡಿಸಿ ಸಲ್ಲಿಸುವುದು ಪರೀಕ್ಷಕರ ಕರ್ತವ್ಯವಾಗಿದೆ.