ನೆರೆಯವನ ಕ್ಷಮೆ

ಯೆಹೂದ್ಯ ಧರ್ಮಶಾಸ್ತ್ರದ ಆಜ್ಞೆಗಳು ೬೧೩ ಎಂಬುದು ಪರಂಪರೆಯ ಎಣಿಕೆ: ಮಾಡತಕ್ಕವು ೨೪೮, ಮಾಡಬಾರದವು ೩೬೫. ಉಣ್ಣೆಯನ್ನೂ ಅಗಸೆನಾರನ್ನೂ ಕೂಡಿಸಿ ನೇಯ್ದ ಬಟ್ಟೆಯನ್ನು ಉಡಬಾರದು; ಏಕೆಂದು ಮೂಲಗ್ರಂಥ ಹೇಳುವುದಿಲ್ಲ. ಮಾಳಿಗೆಯ ಸುತ್ತ ಮೋಟುಗೋಡೆ ಕಟ್ಟಿಸಬೇಕು. ಇಲ್ಲವಾದರೆ ಬಿದ್ದವನ ರಕ್ತದ ಹೊಣೆ ಆ ಮನೆಯದು. ಇವೆರಡೂ ಒಂದೇ ಅಧ್ಯಾಯದಲ್ಲಿವೆ!

ಹೀಗೆ ಬೆರೆತಿರುವ ಆಜ್ಞೆಗಳನ್ನು ರಬ್ಬಿಗಳು, ಎಂದರೆ ಯೆಹೂದ್ಯ ಧರ್ಮಗುರುಗಳು, ಎರಡಾಗಿ ವಿಂಗಡಿಸಿದರು: ದೇವರಿಗೂ ಮನುಷ್ಯನಿಗೂ ನಡುವಣವು, ಮನುಷ್ಯ ಮನುಷ್ಯರ ನಡುವಣವು. ಇದು ಬರಿಯ ವಿಂಗಡಣೆಯಲ್ಲ. ವರ್ಷಕ್ಕೊಮ್ಮೆ ಬರುವ ಯೋಮ್ ಕಿಪ್ಪೂರ್ ಎಂಬ ಪ್ರಾಯಶ್ಚಿತ್ತದ ದಿನ ನೀರನ್ನೂ ಕುಡಿಯದೆ ಉಪವಾಸವಿರುವುದು ವಿಧಿ. ಪಶ್ಚಾತ್ತಾಪಪಟ್ಟವನು ದೇವರಿಗೆ ಮಾಡಿದ ತಪ್ಪು ಅಂದು ಕಳೆಯುತ್ತದೆ. ನೆರೆಯವನಿಗೆ ಮಾಡಿದ್ದು, ಅವನನ್ನು ಸಮಾಧಾನಪಡಿಸುವ ತನಕ, ಕಳೆಯದು ಎನ್ನುತ್ತದೆ ಮಿಶ್ನಾ ಎಂಬ, ಸುಮಾರು ಕ್ರಿ. ಶ. ೨೦೦ರ ಸಂಹಿತೆ. ಉಪವಾಸಕ್ಕಿಂತ ಇದೇ ಕಠಿನವೆಂದು ನನಗೆ ತೋರುತ್ತದೆ. ನೆರೆಯವನು ಬಾಗಿಲು ಮುಚ್ಚಿಯಾನು.

ಮುಚ್ಚಿದರೆ? ೧೨ನೆಯ ಶತಮಾನದ ಪಂಡಿತ ಮೈಮೊನಿಡೀಸರು ವಿಧಿಸುತ್ತಾರೆ: ಆತನ ಮೂವರು ಗೆಳೆಯರನ್ನು ಕರೆದುಕೊಂಡು ಹೋಗಿ ಬೇಡಬೇಕು, ಮತ್ತೆ ಎರಡನೆಯ ಸಲ, ಮೂರನೆಯ ಸಲ. ಅಷ್ಟಕ್ಕೂ ಒಲಿಯದಿದ್ದರೆ ಪಾಪ ಆತನದು. ಆತ ತೀರಿಕೊಂಡಿದ್ದರೆ, ಹತ್ತು ಜನರೊಡನೆ ಗೋರಿಯ ಬಳಿ ನಿಂತು ತಪ್ಪೊಪ್ಪಿಕೊಳ್ಳಬೇಕು. ಹಣ ಕೊಡಬೇಕಾಗಿದ್ದರೆ ಅದನ್ನು ವಾರಸುದಾರರಿಗೆ ತೀರಿಸಬೇಕು.