ತೋಟಕ್ಕೆ ಔಷಧಿ ಸರಿ, ನಮ್ಮ ಚರ್ಮಕ್ಕೆ?

ಕೊಳೆರೋಗಕ್ಕೆ ಮೊದಲ ಔಷಧಿ ಮಳೆ ಹಿಡಿಯುವ ಮೊದಲೇ ಆಗಬೇಕು. ಎರಡನೆಯದು 40-45 ದಿನದಲ್ಲಿ. ಗೊನೆಯ ಎಲ್ಲ ಮಗ್ಗುಲಿಗೂ ತಾಗಬೇಕು, ಅರ್ಧಕ್ಕೆ ಬಿಟ್ಟರೆ ಹೊಡೆದದ್ದೂ ದಂಡ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಅಡಿಕೆ ಬೆಳೆಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಮಳೆಗಾಲದಲ್ಲಿ ನಮ್ಮ ಕಾಲ ಬೆರಳ ಸಂದು ಕೊಳೆತರೆ? ತೊಡೆಸಂದಿಯಲ್ಲಿ ಹುಳುಕಡ್ಡಿ ಎದ್ದರೆ? ಆಗ ಈ ಶಿಸ್ತು ಯಾವುದೂ ಇಲ್ಲ. ಯಾರೋ ಹೇಳಿದ ಟ್ಯೂಬು ತಂದು ನಾಲ್ಕು ದಿನ ಹಚ್ಚಿ ಕಿಟಕಿ ಮೇಲೆ ಇಡುತ್ತೇವೆ. 

ನಾನು ಕೃಷಿಕ, ವೈದ್ಯನಲ್ಲ. ತೋಟದಲ್ಲಿ, ಸುಲಿಯುವ ಚಪ್ಪರದಲ್ಲಿ ಕಂಡದ್ದನ್ನು ಚರ್ಮದ ಡಾಕ್ಟರಲ್ಲಿ ಕೇಳಿ ತಿಳಿದದ್ದರ ಜೊತೆ ಸೇರಿಸಿ ಇಲ್ಲಿ ಬರೆದಿದ್ದೇನೆ.

ಸೀಮೆಎಣ್ಣೆ, ನಿಂಬೆಹುಳಿ ಬೇಡ

ಸುಲಿತದ ಕಾಲದಲ್ಲಿ ಕೈ ಕಪ್ಪಾಗುವುದು ಎಲ್ಲರಿಗೂ ಗೊತ್ತು. ಹಸಿ ಅಡಿಕೆಯ ಒಗರು ಮೆಟ್ಟುಗತ್ತಿಯ ಕಬ್ಬಿಣಕ್ಕೆ ತಾಗಿ ಕಪ್ಪು ಬಣ್ಣವಾಗಿ ಚರ್ಮದ ಮೇಲ್ಪದರಕ್ಕೆ, ಉಗುರಿಗೆ ಇಳಿಯುತ್ತದೆ. ಇದು ಕೊಳೆಯಲ್ಲ, ಬಣ್ಣ. ಆದರೆ ಮದುವೆಮನೆಗೆ ಹೋಗಬೇಕು ಅಂತ ಕೆಲವರು ಸೀಮೆಎಣ್ಣೆ, ಪೆಟ್ರೋಲಿನಲ್ಲಿ ಕೈ ತಿಕ್ಕುತ್ತಾರೆ. ಇನ್ನು ಕೆಲವರು ಬ್ಲೀಚಿಂಗ್ ಪುಡಿ.

ಚರ್ಮದ ಮೇಲೆ ತೆಳ್ಳಗೆ ಒಂದು ಜಿಡ್ಡಿನ ಪದರ ಇದೆ. ಒಳಗಿನ ತೇವ ಹೊರಗೆ ಹೋಗದಂತೆ, ಹೊರಗಿನ ವಿಷ ಒಳಗೆ ಬಾರದಂತೆ ತಡೆಯುವ ಬೇಲಿ ಅದೇ. ಸೀಮೆಎಣ್ಣೆ ಈ ಬೇಲಿಯನ್ನೇ ಕಿತ್ತುಬಿಡುತ್ತದೆ. ಆಮೇಲೆ ಕೈ ಒಣಗುತ್ತದೆ, ಬಿರಿಯುತ್ತದೆ, ಉರಿಯುತ್ತದೆ.

ನಿಂಬೆಹುಳಿಯದು ಬೇರೆ ತೊಂದರೆ. ನಿಂಬೆರಸ ಹಚ್ಚಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಗುಳ್ಳೆ ಏಳಬಹುದು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಅಡಿಕೆ ಹರವುವ ಬಿಸಿಲಿಗೆ ಇದು ಸಾಕು.

ಸರಿಯಾದ ಕ್ರಮ ಸುಲಭ. ಸುಲಿಯಲು ಕೂರುವ ಮೊದಲು ಕೈಗೆ, ಉಗುರಿನ ಬುಡಕ್ಕೆ ಕೊಬ್ಬರಿಎಣ್ಣೆ ಹಚ್ಚಿ ಚೆನ್ನಾಗಿ ಒರೆಸಿಕೊಳ್ಳಿ, ಕತ್ತಿಯ ಹತ್ತಿರ ಕೈ ಜಾರಬಾರದು. ಕೆಲಸ ಮುಗಿದ ಮೇಲೆ ಸಾಮಾನ್ಯ ಸಾಬೂನು, ಮತ್ತೆ ಎಣ್ಣೆ. ಉಳಿದ ಕಪ್ಪು ತಾನೇ ಹೋಗುತ್ತದೆ. ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಅಷ್ಟು ತಾಳ್ಮೆ ಬೇಕು.

ಸುಣ್ಣ, ಮೈಲುತುತ್ತದ ದಿನ

ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತದ ನೀರು ಆಮ್ಲ, ಸುಣ್ಣದ ನೀರು ತೀಕ್ಷ್ಣ ಕ್ಷಾರ. ಎರಡೂ ಚರ್ಮಕ್ಕೆ ಆಗದು. ಸರಿಯಾಗಿ ಬೆರೆತ ದ್ರಾವಣ ಅಷ್ಟು ಉರಿಸುವುದಿಲ್ಲ. ಹಾಗಾಗಿ ಹೆಚ್ಚು ಅಪಾಯ ಬೆರೆಸುವವನಿಗೆ. ಕೈಯಲ್ಲೇ ಕದಡುವುದು, ಸುಣ್ಣ ಅರಳುವಾಗ ಬಗ್ಗಿ ನೋಡುವುದು, ಇವೆರಡೂ ನಮ್ಮಲ್ಲಿ ಇನ್ನೂ ನಿಂತಿಲ್ಲ.

ಕೋಲಿನಲ್ಲಿ ಕದಡಿ. ಒಣ ಸುಣ್ಣ ಮೈಗೆ ಬಿದ್ದರೆ ಮೊದಲು ಬಟ್ಟೆಯಿಂದ ಝಾಡಿಸಿ, ಆಮೇಲೆ ಧಾರಾಳ ನೀರು ಹಾಕಿ ತೊಳೆಯಿರಿ. "ಸುಣ್ಣಕ್ಕೆ ಹುಣಸೆಹುಳಿ ಹಾಕಿದ್ರೆ ಆಯ್ತಲ್ಲ ಮಾರಾಯ್ರೆ" ಅನ್ನುವವರ ಮಾತು ಕೇಳಬೇಡಿ. ನೀರೇ ಮದ್ದು. ಕಣ್ಣಿಗೆ ಹಾರಿದರೆ ರೆಪ್ಪೆ ಅಗಲಿಸಿ 20 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಈಗ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲಿ ನಿಂತೇ ಔಷಧಿ ಹೊಡೆಯುತ್ತೇವೆ. ಮರ ಹತ್ತುವ ಅಪಾಯ ತಪ್ಪಿತು, ಒಳ್ಳೆಯದೇ. ಆದರೆ ಮುಖ ಮೇಲೆ ಮಾಡಿ ನಿಂತವನ ಮೇಲೇ ಹನಿ ಉದುರುತ್ತದೆ. ಅಂಚು ಅಗಲವಿರುವ ಟೋಪಿ, ಕನ್ನಡಕ, ಉದ್ದ ತೋಳಿನ ಅಂಗಿ ಬೇಕೇ ಬೇಕು. ಆ ಬಟ್ಟೆ ಮನೆಯವರ ಬಟ್ಟೆ ಜೊತೆ ನೆನೆಹಾಕಬಾರದು.

ಕಳೆನಾಶಕದ ವಿಚಾರ ಇನ್ನೂ ಗಂಭೀರ. ಬೆನ್ನಿನ ಕ್ಯಾನ್ ಸೋರಿ ಅಂಗಿ ಒದ್ದೆಯಾದರೂ "ಇನ್ನೆರಡು ಕ್ಯಾನ್ ಮುಗಿಸಿಬಿಡ್ತೇನೆ" ಅನ್ನುತ್ತೇವೆ. ಒದ್ದೆ ಬಟ್ಟೆ ವಿಷವನ್ನು ಚರ್ಮಕ್ಕೆ ಒತ್ತಿ ಹಿಡಿದಂತೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಒಡೆದ, ಗಾಯವಾದ ಚರ್ಮದ ಮೂಲಕ ರಕ್ತ ಸೇರಬಲ್ಲದು. ಅದಕ್ಕೆ ಪ್ರತಿವಿಷ ಇಲ್ಲ. ಸೀಮೆಎಣ್ಣೆಯಲ್ಲಿ ತಿಕ್ಕಿ ಬಿರಿದ ಕೈಯಲ್ಲಿ ಇಂಥ ಔಷಧಿ ಬೆರೆಸಿದರೆ ಏನಾದೀತು, ಯೋಚಿಸಿ. ಸೋರಿದ ಕೂಡಲೇ ಕ್ಯಾನ್ ಇಳಿಸಿ, ಬಟ್ಟೆ ಬಿಚ್ಚಿ, ಸಾಬೂನು ಹಾಕಿ ತೊಳೆಯಬೇಕು. ತೂತು ಬಿದ್ದ ಕೈಚೀಲವೂ ಬೇಡ. ಒಳಗೆ ಹೋದ ಔಷಧಿ ಅಲ್ಲೇ ನಿಲ್ಲುತ್ತದೆ.

ಹುಳುಕಡ್ಡಿಗೆ ತಪ್ಪು ಟ್ಯೂಬು

ಎಲ್ಲಕ್ಕಿಂತ ಹೆಚ್ಚು ಜನರನ್ನು ಕಾಡುವುದು ಇದು. ನಮ್ಮ ಕಡೆ ತೋಟದ ಕೆಲಸಕ್ಕೆ ಬರುವ ಒಬ್ಬರಿಗೆ ಸೊಂಟದ ಹತ್ತಿರ ಎಂಟಾಣೆಯಷ್ಟು ಗಾತ್ರದ ಹುಳುಕಡ್ಡಿ ಇತ್ತು. ಅಂಗಡಿಯಿಂದ ತಂದ ಟ್ಯೂಬು ಹಚ್ಚಿದರು. "ಎರಡೇ ದಿನಕ್ಕೆ ತುರಿಕೆ ಹೋಯ್ತು, ಭಾರೀ ಮದ್ದು" ಅಂದರು. ಬಿಟ್ಟರೆ ಮತ್ತೆ ಬಂತು, ಮತ್ತೆ ಹಚ್ಚಿದರು. ಆರು ತಿಂಗಳಲ್ಲಿ ಬೆನ್ನು, ತೊಡೆ ಎಲ್ಲ ಹರಡಿ, ಮನೆಯಲ್ಲಿ ಹೆಂಡತಿ, ಮಗುವಿಗೂ ಬಂತು. ತೊಡೆಸಂದಿಯ ಚರ್ಮ ತೆಳುವಾಗಿ ಗೀರುಗೀರು ಬಿದ್ದಿತ್ತು.

ಆ ಟ್ಯೂಬಿನಲ್ಲಿ ಇದ್ದದ್ದು ಸ್ಟೀರಾಯ್ಡ್. ಅದು ಕೆಂಪು, ತುರಿಕೆ ಅಡಗಿಸುತ್ತದೆ, ಬೂಸನ್ನು ಕೊಲ್ಲುವುದಿಲ್ಲ. ಬೂಸಿನ ವಿರುದ್ಧ ಕಾದಾಡುವ ಚರ್ಮದ ಶಕ್ತಿಯನ್ನೇ ಮಲಗಿಸುತ್ತದೆ. ಕಾವಲು ನಾಯಿಗೆ ನಿದ್ದೆ ಮಾತ್ರೆ ಕೊಟ್ಟ ಹಾಗೆ: ಬೊಗಳು ನಿಂತಿತು, ಕಳ್ಳ ಒಳಗೇ ಇದ್ದಾನೆ. ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಕೇಂದ್ರ ಸರಕಾರ 2018ರಲ್ಲಿ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಕೇಳಿದರೆ ಸಿಗುವುದು ನಿಂತಿಲ್ಲ.

ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿಸಿ ನೋಡಿ. ಹೆಸರು 'ಸೋನ್' ಅಥವಾ 'ಸೋಲ್' ಅಂತ ಮುಗಿದರೆ (ಬೀಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸೋಲ್) ಅದು ಸ್ಟೀರಾಯ್ಡ್. 'ಜೋಲ್' ಅಂತ ಮುಗಿದರೆ (ಕ್ಲೋಟ್ರಿಮಜೋಲ್, ಕೀಟೋಕೊನಜೋಲ್) ಸಾಮಾನ್ಯವಾಗಿ ಬೂಸಿನ ಮದ್ದು. ಎರಡೂ ಒಂದೇ ಟ್ಯೂಬಿನಲ್ಲಿ ಬೆರೆತಿದ್ದರೆ ಹುಳುಕಡ್ಡಿಗೆ ಅದು ಬೇಡ. ಹಾಗಂತ ಸ್ಟೀರಾಯ್ಡ್ ಕೆಟ್ಟದ್ದೇ ಅಂತಲ್ಲ. ಇಸುಬು, ಅಲರ್ಜಿಗೆ ಡಾಕ್ಟರು ಲೆಕ್ಕ ಹಾಕಿ ಕೊಡುತ್ತಾರೆ. ರೋಗ ಯಾವುದು ಅಂತ ಗೊತ್ತಾಗಬೇಕು, ಅಷ್ಟೆ.

ಬೂಸಿನ ಮದ್ದು ಹಚ್ಚುವಾಗ ಬೋರ್ಡೋ ಲೆಕ್ಕವೇ ಇಲ್ಲೂ. ಕಲೆಯ ಮೇಲಷ್ಟೇ ಅಲ್ಲ, ಅಂಚು ದಾಟಿ ಸುಮಾರು 2 ಸೆಂಟಿಮೀಟರ್ ಆಚೆವರೆಗೆ ಹಚ್ಚಬೇಕು. ಕಲೆ ಮಾಯವಾದ ಮೇಲೂ ಎರಡು ವಾರ ಬಿಡಬಾರದು. ಮನೆಯಲ್ಲಿ ಎಷ್ಟು ಜನಕ್ಕೆ ಇದೆಯೋ ಅಷ್ಟೂ ಜನಕ್ಕೆ ಒಟ್ಟಿಗೇ ಮದ್ದು ಆಗಬೇಕು. ಒಬ್ಬರು ಬಿಟ್ಟರೆ ಪಕ್ಕದ ತೋಟಕ್ಕೆ ಔಷಧಿ ಹೊಡೆಯದೆ ಬಿಟ್ಟಂತೆ. ಇತ್ತೀಚೆಗೆ ಮದ್ದಿಗೆ ಬಗ್ಗದ ಒಂದು ಬೂಸು ನಮ್ಮ ದೇಶದಲ್ಲಿ ಹರಡಿದೆ. 2020ರಲ್ಲಿ ವಿಜ್ಞಾನಿಗಳು ಅದಕ್ಕೆ ಟ್ರೈಕೋಫೈಟಾನ್ ಇಂಡೋಟೀನಿಯೇ ಅಂತ ಹೆಸರಿಟ್ಟರು. ಆದ್ದರಿಂದ ನಾಲ್ಕು ವಾರದಲ್ಲಿ ಗುಣ ಕಾಣದಿದ್ದರೆ ಚರ್ಮದ ಡಾಕ್ಟರನ್ನೇ ನೋಡಬೇಕು.

ಮಳೆಗಾಲದ ಬಟ್ಟೆ, ಕಾಲು

ಕಿಗ್ಗದ ಕಡೆ ಮಳೆ ಹಿಡಿದರೆ ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ. ಅರೆ ಒಣಗಿದ ಒಳಚಡ್ಡಿ ಹಾಕಿಕೊಂಡರೆ ಬೂಸಿಗೆ ನಾವೇ ನೀರು ಹಾಯಿಸಿದಂತೆ. ಒಳಬಟ್ಟೆಯನ್ನು ಬಚ್ಚಲ ಒಲೆಯ ಹತ್ತಿರ ಒಣಗಿಸಿ, ಹೊಲಿಗೆಯ ಮೇಲೆ ಬಿಸಿ ಇಸ್ತ್ರಿ ಹಾಕಿ. ಟವೆಲು ಒಬ್ಬೊಬ್ಬರಿಗೆ ಒಂದೊಂದು.

ಗಂಬೂಟು ಹಾಕುವವರು ದಿನವೂ ಅದನ್ನು ಬೋರಲು ಹಾಕಿ ಒಣಗಿಸಬೇಕು. ಸಂಜೆ ಕಾಲು ತೊಳೆದ ಮೇಲೆ ಬೆರಳ ಸಂದುಗಳನ್ನು ಒಂದೊಂದಾಗಿ ಒರೆಸಿ. ಅಲ್ಲಿಗೆ ಎಣ್ಣೆ, ವ್ಯಾಸಲಿನ್ ಬೇಡ, ಒಣಗಿದಷ್ಟೂ ಒಳ್ಳೆಯದು. ಹಿಮ್ಮಡಿಗೆ ಇದರ ಉಲ್ಟಾ. ಬಿರುಕನ್ನು ಬ್ಲೇಡಿನಲ್ಲಿ ಕೆರೆಯಬೇಡಿ. ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಒರೆಸಿ, ತೇವ ಆರುವ ಮೊದಲೇ ವ್ಯಾಸಲಿನ್ ಹಚ್ಚಿ ಕಾಲುಚೀಲ ಹಾಕಿ ಮಲಗಿ. ಸಕ್ಕರೆ ಕಾಯಿಲೆ ಇದ್ದವರು ಕಾಲಿನ ಸಣ್ಣ ಗಾಯವನ್ನೂ ಡಾಕ್ಟರಿಗೆ ತೋರಿಸಬೇಕು.

ನಮ್ಮ ಮಲೆನಾಡಿನ ಬಚ್ಚಲಿನ ಬಗ್ಗೆಯೂ ಒಂದು ಮಾತು. ಹಂಡೆಯ ಕುದಿನೀರು ಹೊಯ್ದುಕೊಂಡರೆ ತುರಿಕೆಗೆ ಹಿತ ಅನಿಸುತ್ತದೆ, ನಿಜ. ಒಂದು ಗಂಟೆ ಕಳೆದರೆ ದುಪ್ಪಟ್ಟು ತುರಿಕೆ. ಜಿಡ್ಡೆಲ್ಲ ತೊಳೆದು ಹೋಗಿರುತ್ತದೆ. ಬೆಚ್ಚಗಿನ ನೀರು ಸಾಕು. ಬಟ್ಟೆ ಸಾಬೂನು ಮೈಗೆ ಬೇಡ.

ಇಂಬಳ, ಉಣುಗು

ಇಂಬಳ ಕಚ್ಚಿದರೆ ರಕ್ತ ನಿಲ್ಲದಿರುವುದು ಅದರ ಎಂಜಲಿನಲ್ಲಿರುವ ಹಿರುಡಿನ್‌ನಂಥ ವಸ್ತುವಿನಿಂದ. ಹೆದರಬೇಕಾಗಿಲ್ಲ. ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ. ಗಾಯಕ್ಕೆ ಸುಣ್ಣ ಮೆತ್ತಬೇಡಿ, ಅದು ಸುಟ್ಟು ಹುಣ್ಣಾಗುತ್ತದೆ. ಎಲೆಅಡಿಕೆಯ ಡಬ್ಬಿ ಕೈಯಲ್ಲೇ ಇದೆ ಅಂತ ಸುಣ್ಣವೇ ಮದ್ದಾಗಬೇಕಾಗಿಲ್ಲ.

ಉಣುಗಿನ ಮಾತು ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ನಮ್ಮ ತಾಲ್ಲೂಕುಗಳಿಗೂ ಬಂದಿದೆ. 2024ರಲ್ಲಿ ನಮ್ಮ ಜಿಲ್ಲೆಯಲ್ಲೂ ಸಾವು ಆಯಿತು. ಹಿಂದೆ ಕೊಡುತ್ತಿದ್ದ ಲಸಿಕೆ 2022ರಿಂದ ನಿಂತಿದೆ. ಹಾಗಾಗಿ ಚರ್ಮದ ರಕ್ಷಣೆಯೇ ಮುಖ್ಯ. ಸೊಪ್ಪು, ದರಗಿಗೆ ಹೋಗುವ ಮೊದಲು ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ. ಕಣ್ಣು, ಬಾಯಿ, ಗಾಯಕ್ಕೆ ತಾಗಬಾರದು. ಬಂದ ಕೂಡಲೇ ಸಾಬೂನು ಹಾಕಿ ಬಿಸಿನೀರು ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಕಚ್ಚಿದ ಉಣುಗನ್ನು ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ, ಸೀಮೆಎಣ್ಣೆ ಸುರಿಯಬೇಡಿ. ಆಮೇಲೆ ಒಂದೆರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದು ಹೇಳಿ ರಕ್ತಪರೀಕ್ಷೆ ಮಾಡಿಸಬೇಕು.

ತಡ ಮಾಡಬಾರದ್ದು

ಮೈಮೇಲೆ ಬಿಳಚಿದ ಅಥವಾ ಕೆಂಪಾದ ಕಲೆ ಇದ್ದು, ಅಲ್ಲಿ ಮುಟ್ಟಿದ್ದು, ಚುಚ್ಚಿದ್ದು ಗೊತ್ತಾಗದಿದ್ದರೆ ಅದು ಕುಷ್ಠ ಇರಬಹುದು. ನಾಚಿಕೊಂಡು ಮುಚ್ಚಿಟ್ಟರೆ ಕೈಬೆರಳಿಗೇ ಕುತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಉಚಿತ, 6 ಅಥವಾ 12 ತಿಂಗಳ ಕೋರ್ಸು, ಪೂರ್ತಿ ಗುಣವಾಗುತ್ತದೆ. ತಿಂಗಳಾದರೂ ಮಾಯದ ಹುಣ್ಣು, ಬೆಳೆಯುವ ಕರಿ ಮಚ್ಚೆ, ಕೀವಿನ ಜೊತೆ ಜ್ವರ, ಇವನ್ನೂ ಮನೆಮದ್ದಿನಲ್ಲಿ ಮುಂದೂಡಬೇಡಿ.

ಇಷ್ಟಕ್ಕೂ ಖರ್ಚು ಎಂಥದು? ಒಂದು ಡಬ್ಬಿ ವ್ಯಾಸಲಿನ್, ಮನೆಯದೇ ಕೊಬ್ಬರಿಎಣ್ಣೆ, ತೂತಿಲ್ಲದ ಎರಡು ಜೊತೆ ರಬ್ಬರ್ ಕೈಚೀಲ, ಒಂದು ಕನ್ನಡಕ. ಈ ವರ್ಷ ಮೈಲುತುತ್ತ ತರುವ ದಿನವೇ ಇವನ್ನೂ ತನ್ನಿ. ಕೆಲಸಕ್ಕೆ ಬರುವವರಿಗೂ ಒಂದೊಂದು ಜೊತೆ ಸೇರಿಸಿಯೇ ತನ್ನಿ, ಔಷಧಿ ಹೊಡೆಯುವುದು ಹೆಚ್ಚಾಗಿ ಅವರೇ ತಾನೆ.