ಮೂರು ಕಾಪಿ ಇದ್ರೂ ಫೈಲ್ ಯಾಕೆ ಮಾಯ ಆಗುತ್ತೆ?

ಹೋದ ತಿಂಗಳು ನಾನೊಂದು ಎಡವಟ್ಟು ಮಾಡ್ಕೊಂಡೆ. ಫೋನಲ್ಲಿ ಜಾಗ ಇಲ್ಲ ಅಂತ ಒಂದು ಹಳೇ ರೆಕಾರ್ಡಿಂಗ್ ಫೋಲ್ಡರ್ ಡಿಲೀಟ್ ಮಾಡಿದೆ. ಸಂಜೆ ನೋಡಿದ್ರೆ ಲ್ಯಾಪ್‌ಟಾಪಲ್ಲೂ ಇಲ್ಲ, ಕ್ಲೌಡಲ್ಲೂ ಇಲ್ಲ! ಇಷ್ಟು ಕಡೆ ಇದ್ದ ಫೈಲ್ ಒಟ್ಟಿಗೇ ಹೋಗಿದ್ದು ಹೇಗೆ? ಇವತ್ತು ಅದನ್ನೇ ನೋಡೋಣ.

ಮೊದಲು ಹಳೇ ಪದ್ಧತಿ. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಎನ್‌ಎಫ್‌ಎಸ್, ಅಂದ್ರೆ ನೆಟ್‌ವರ್ಕ್ ಫೈಲ್ ಸಿಸ್ಟಮ್ ತಂತು. ಫೈಲ್ ಇರೋದು ಒಂದು ಸರ್ವರಲ್ಲಿ. ಆದ್ರೆ ನೆಟ್‌ವರ್ಕಿನ ಬೇರೆ ಕಂಪ್ಯೂಟರ್‌ಗಳಿಗೆ ಅದು ತಮ್ಮದೇ ಫೋಲ್ಡರ್ ಥರ ಕಾಣುತ್ತೆ. ಇವತ್ತಿಗೂ ಇದು ಬಳಕೆಯಲ್ಲಿದೆ. ತೊಂದರೆ ಏನಂದ್ರೆ, ಆ ಒಂದು ಸರ್ವರ್ ಕೆಟ್ಟರೆ ಎಲ್ಲರ ಕೆಲಸವೂ ನಿಂತುಹೋಗುತ್ತೆ.

ಗೂಗಲ್ ಎಂಜಿನಿಯರ್‌ಗಳು 2003ರಲ್ಲಿ ಪ್ರಕಟಿಸಿದ ಗೂಗಲ್ ಫೈಲ್ ಸಿಸ್ಟಮ್ ಪ್ರಬಂಧ ಬೇರೆ ದಾರಿ ತೋರಿಸಿತು. ಸಾವಿರಾರು ಅಗ್ಗದ ಮಷೀನ್ ಇದ್ದಾಗ ಒಂದಲ್ಲ ಒಂದು ಕೆಡ್ತಾನೇ ಇರುತ್ತೆ ಅಂತ ಅವರು ಮೊದಲೇ ಒಪ್ಪಿಕೊಂಡ್ರು. ಹಾಗಾಗಿ ದೊಡ್ಡ ಫೈಲನ್ನ 64 ಎಂಬಿ ತುಂಡುಗಳಾಗಿ ಒಡೆದು, ಪ್ರತಿ ತುಂಡಿನ ಮೂರು ಕಾಪಿ ಬೇರೆ ಬೇರೆ ಸರ್ವರಲ್ಲಿ ಇಟ್ಟರು. 320 ಎಂಬಿ ಫೈಲ್ ಅಂದ್ರೆ 5 ತುಂಡು, ಒಟ್ಟು 15 ಕಾಪಿ. ಖರ್ಚು? ಒಂದು ಜಿಬಿ ಇಡೋಕೆ ಮೂರು ಜಿಬಿ ಜಾಗ.

ಯಾವ ತುಂಡು ಎಲ್ಲಿದೆ ಅನ್ನೋ ಲೆಕ್ಕ ಇಡೋದು ಮಾಸ್ಟರ್ ಅನ್ನೋ ಸರ್ವರ್. ಅಂಗಡಿಯ ಲೆಡ್ಜರ್ ಥರ ಅಂದ್ಕೊಳ್ಳಿ: ಲೆಡ್ಜರಲ್ಲಿ ಸರಕು ಇರಲ್ಲ, ಯಾವ ಗೋದಾಮಲ್ಲಿದೆ ಅಂತ ಬರೆದಿರುತ್ತೆ ಅಷ್ಟೇ. ವಿಳಾಸ ಕೇಳಿಕೊಂಡು, ಡೇಟಾವನ್ನ ನೇರವಾಗಿ ಆ ಸರ್ವರಿಂದಲೇ ತಗೋಬೇಕು. ಮಾಸ್ಟರ್ ಆಗಾಗ ಎಲ್ಲ ಸರ್ವರ್‌ಗಳ ಹಾಜರಿ ತಗೊಳ್ಳುತ್ತೆ. ಒಂದು ಉತ್ತರ ಕೊಡದಿದ್ರೆ, ಅದರಲ್ಲಿದ್ದ ತುಂಡುಗಳ ಹೊಸ ಕಾಪಿಯನ್ನ ಬೇರೆ ಕಡೆ ಮಾಡಿಸುತ್ತೆ. ಆಮೇಲೆ ಬಂದ ಹಡೂಪ್ ಕೂಡ ಇದೇ ದಾರಿ ಹಿಡೀತು.

ಈಗ ನನ್ನ ಫೋಲ್ಡರ್ ಕಥೆಗೆ ಬರೋಣ. ಈ ಕಾಪಿಗಳು ಕಾಪಾಡೋದು ಮಷೀನ್ ಕೆಟ್ಟಾಗ. ನಾವೇ 'ಡಿಲೀಟ್' ಅಂದ್ರೆ ಸಿಸ್ಟಮಿಗೆ ಅದು ತಪ್ಪು ಅಂತ ಗೊತ್ತಾಗಲ್ಲ, ಎಲ್ಲ ಕಾಪಿಗೂ ಅದೇ ಆದೇಶ ಹೋಗುತ್ತೆ. ಫೋನ್ ಸಿಂಕ್ ಕೂಡ ಹೀಗೇ. ಒಂದು ಕಡೆ ಅಳಿಸಿದ್ದು ಎಲ್ಲ ಕಡೆ ಅಳಿಯುತ್ತೆ. ನನ್ನ ಪುಣ್ಯ, ಟ್ರ್ಯಾಶಲ್ಲಿ ಇನ್ನೂ ಇತ್ತು.

ಬ್ಯಾಕಪ್ ಅಂದ್ರೆ ಈ ಸಿಂಕಿನ ಕೈಗೆ ಸಿಗದ ಕಾಪಿ. ಅದಕ್ಕೆ 3-2-1 ಅಂತ ಒಂದು ಸೂತ್ರ ಇದೆ: ಮೂರು ಕಾಪಿ, ಎರಡು ಬೇರೆ ಥರದ ಸಾಧನ, ಒಂದು ಬೇರೆ ಜಾಗದಲ್ಲಿ. ಅಮ್ಮನ ಹಳೇ ಫೋಟೋ, ಮಾರ್ಕ್ಸ್ ಕಾರ್ಡ್ ಸ್ಕ್ಯಾನ್, ಏನೇ ಇರಲಿ, ಇವತ್ತೇ ಒಂದು ಪೆನ್‌ಡ್ರೈವ್‌ಗೆ ಹಾಕಿ, ಕಳಚಿ, ಎತ್ತಿಡಿ. ಮುಂದಿನ ವಾರ ಸಿಗೋಣ.